ಇಲಿ ಸಾಕಿದ ಡಾಕ್ಟರಬಾಯಿ

ಅಳ್ನಾವರದಿಂದ ಫೋನು ಬಂದಾಗ ನಾನು ಹಿತ್ತಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮಾತಾಡಿದವಳು ಡಾಕ್ಟರಬಾಯಿಯ ತಮ್ಮನ ಮಗಳು. "ಕಾಕೂ, ನಿಮ್ಮ ಡಾಕ್ಟರಬಾಯಿ ಹೋಗಿಬಿಟ್ರು. ಊಟಾ ಮಾಡಿ ರೇಡಿಯೋ ಹಚ್ಚಿಕೊಂಡು ಅಡ್ಡಾಗಿದ್ರು. ಚಾ ಕುಡಿಯಾಕ ಎಬ್ಬಸಾಕ ಹೋದ್ರ ಮೈ ತಣ್ಣಗಾಗಿತ್ತು" ಎಂದಳು. ಎಂಬತ್ತು ದಾಟಿದ ಜೀವ, ನರಳದೆ ಹೋಯಿತು, ಅಳುವಂಥದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಮೊರ ಎತ್ತಿಕೊಂಡೆ. ಕೈ ಓಡಲಿಲ್ಲ.

ನನಗೆ ಅವರು ಎಂಬತ್ತರ ಮುದುಕಿಯಾಗಿ ನೆನಪಾಗುವುದಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಕುಂದಗೋಳದ ಸರಕಾರಿ ದವಾಖಾನೆಗೆ ಬಂದಾಗ ಅವರಿಗೆ ಮೂವತ್ತೈದರ ಆಸುಪಾಸು. ಎತ್ತರದ ಆಳು, ಕಪ್ಪು ಮೈಬಣ್ಣ, ಇಳಕಲ್ ಸೀರೆಯ ಸೆರಗನ್ನು ಎರಡೂ ಭುಜ ಮುಚ್ಚುವ ಹಾಗೆ ಹೊದ್ದು ಗಂಡಸರಂತೆ ದಾಪುಗಾಲು ಹಾಕಿ ನಡೆಯುತ್ತಿದ್ದರು. ರೋಗಿಯನ್ನು ಮುಟ್ಟುವ ಮೊದಲು ಎರಡೂ ಅಂಗೈ ತಿಕ್ಕಿ ಬಿಸಿ ಮಾಡಿಕೊಳ್ಳುತ್ತಿದ್ದರು. "ತಣ್ಣನ ಕೈ ಮುಟ್ಟಿದ್ರ ಹೆಣ್ಣಮಗಳು ಮೈ ಬಿಗಿ ಹಿಡೀತಾಳ. ಒಳಗ ಏನೈತಿ ಅಂತ ತಿಳಿಯೂದಿಲ್ಲ" ಎನ್ನುತ್ತಿದ್ದರು. ಸೂಜಿ ಮಾಡಿಸಿಕೊಳ್ಳದೆ ಎದ್ದು ಹೋದರೆ ಔಷಧವೇ ಆಗಲಿಲ್ಲ ಎನ್ನುವ ಊರು ನಮ್ಮದು. ಇವರು ಸುಮ್ಮಸುಮ್ಮನೆ ಸೂಜಿ ಚುಚ್ಚುತ್ತಿರಲಿಲ್ಲ. ಅದಕ್ಕೇ ಮೊದಲ ವರ್ಷ ಅವರ ಹತ್ತಿರ ಹೋದವರು ಕಡಿಮೆ.

ಹೋಗದಿರಲು ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಹುಟ್ಟಿದ್ದು ದುಮ್ಮವಾಡದ ಕಡೆಯ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ. ತಂದೆ ಅಳ್ನಾವರದ ರೈಲು ಹಳಿ ಕಾಯುವ ಗ್ಯಾಂಗಿನಲ್ಲಿದ್ದು, ಕೊನೆಗೆ ಬೌದ್ಧ ಧರ್ಮ ಸೇರಿದವರು. ರೈಲಿನ ಪಾಸು ಇತ್ತು, ಮುಂಬಯಿಯಲ್ಲಿ ನೆಂಟರಿದ್ದರು, ಹೀಗೆ ಮಗಳು ಅಲ್ಲಿ ಓದಿ ಡಾಕ್ಟರಾದಳು. ಕುಂದಗೋಳದಲ್ಲಿ ಅವರಿಗೆ ಬಾಡಿಗೆ ಮನೆ ಸಿಗಲಿಲ್ಲ. ಮನೆ ಖಾಲಿ ಇದ್ದವರೆಲ್ಲ ಆಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದರಂತೆ. ದವಾಖಾನೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೇ ಇದ್ದರು. ಗೋಡೆಯ ಮೇಲೆ ಬುದ್ಧನ ಒಂದು ಪಟ, ಮೂಲೆಯಲ್ಲಿ ಒಂದು ರೇಡಿಯೋ.

ರೇಡಿಯೋ ಇತ್ತೇ ಹೊರತು ಅವರಿಗೆ ಹಾಡಿನ ಕಿವಿ ಇರಲಿಲ್ಲ. ಕುಂದಗೋಳದಲ್ಲಿ ಎಮ್ಮೆ ಕಾಯುವವನೂ ರಾಗದ ಹೆಸರು ಹೇಳುತ್ತಾನೆ. ಇವರು ಸಂಗೀತದ ಕಾರ್ಯಕ್ರಮಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತು, ಆಲಾಪ ಶುರುವಾದೊಡನೆ ಕಣ್ಣು ಮುಚ್ಚುತ್ತಿದ್ದರು. ಎಂಥ ರಸಿಕರು ಎಂದು ಜನ ತಿಳಿದಿದ್ದರು. ಒಂದು ಸಲ ಪಕ್ಕದಲ್ಲಿ ಕೂತ ನನಗೆ ಸಣ್ಣ ಗೊರಕೆ ಕೇಳಿಸಿತು. ತಬಲಾ ನಿಂತಾಗ ಎಚ್ಚರಾಗಿ, "ಮುಗೀತೇನ? ಛಲೋ ಆತು ಬಿಡು, ಅಗದಿ ನಿದ್ದಿ ಹತ್ತಿತ್ತು" ಎಂದರು. ಹಾಡು ಕೇಳುತ್ತ ಮಲಗುವುದು ಅವರಿಗೆ ಔಷಧವಿದ್ದ ಹಾಗೆ. ಕೊನೆಯ ದಿನವೂ ಹಾಗೇ ಮಲಗಿದರು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ನನ್ನ ಮೊದಲ ಬಾಣಂತನ ಮುಗಿದು, ತಿಂಗಳುಗೂಸಿನೊಡನೆ ಗಂಡನ ಮನೆಗೆ ಬಂದಾಗ. ಹೆಣ್ಣು ಕೂಸು. ನನಗೆ ತಾಯಿ ಇರಲಿಲ್ಲ. ಅಣ್ಣಿಗೇರಿಯ ಹತ್ತಿರದ ನಮ್ಮೂರಿನಲ್ಲಿ, ನಾನು ಕನ್ನಡ ಸಾಲೆಗೆ ಹೋಗುವಾಗಲೇ, ಎದೆಯಲ್ಲಿ ಗಂಟಾಗಿ ಅದು ಹುಣ್ಣಾಗಿ ಅವ್ವ ತೀರಿಕೊಂಡಿದ್ದಳು. ಮದುವೆಯ ಮಾತಿನಲ್ಲಿ ಈ ಸಂಗತಿ ಮುಚ್ಚಿಟ್ಟಿರಲಿಲ್ಲ. ನನ್ನ ಅತ್ತೆ ಎಲ್ಲ ಕೇಳಿಯೇ ನನ್ನನ್ನು ತಂದುಕೊಂಡವರು.

ಒಂದು ರವಿವಾರ ಹುಬ್ಬಳ್ಳಿಯಿಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ಒಂದು ಪೇಪರು ತಂದ. ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇಲಿ ಹಾಲಿನ್ಯಾಗ ಒಂದು ವೈರಸ್ ಐತಂತ. ತಾಯಿ ಇಲಿಗೆ ಎದಿ ಕ್ಯಾನ್ಸರ್ ಇದ್ರ ಅದರ ಹಾಲು ಕುಡದ ಹೆಣ್ಣ ಮರಿಗೂ ಬರತೈತಂತ. ಹೆಂಗಸರ ಹಾಲಿನ್ಯಾಗೂ ಅಂಥಾದ್ದು ಇರಬಹುದು ಅಂತ ಹುಡುಕಾಕ ಹತ್ಯಾರಂತ."

"ವೈರಸ್ ಅಂದ್ರ ಏನಪಾ?" ಎಂದು ಅತ್ತೆ ಕೇಳಿದರು.

"ಕಣ್ಣಿಗೆ ಕಾಣದ ಹುಳ."

ನಾನು ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದೆ. ಅತ್ತೆ ಬಾಗಿಲಿಗೆ ಬಂದು ನಿಂತರು. ನನ್ನನ್ನು ನೋಡಿದರು, ಕೂಸನ್ನು ನೋಡಿದರು. "ನಿಮ್ಮವ್ವನ ಹಾಲು ನೀ ಕುಡದೀಯಲ್ಲ?" ಎಂದರು. ಹೌದು ಎಂದೆ. ಅವರು ಬಾಗಿ ಕೂಸಿನ ಬಾಯಿಯನ್ನು ಮೆಲ್ಲಗೆ ಬಿಡಿಸಿ ಎತ್ತಿಕೊಂಡು ಹೋದರು. ಸಿಟ್ಟಿನಿಂದಲ್ಲ. ತಾವು ಹೆತ್ತವರಲ್ಲಿ ಎರಡು ಕೂಸುಗಳನ್ನು ಮಣ್ಣಿಗಿಟ್ಟು ಬಂದ ಹೆಂಗಸು ಅವರು, ಹೆದರಿದ್ದರು. ನಾನೂ ಹೆದರಿದ್ದೆ. ಅವ್ವನ ಕೊನೆಯ ದಿನಗಳ ವಾಸನೆ ನನಗೆ ನೆನಪಿತ್ತು.

ಹುಬ್ಬಳ್ಳಿಯಿಂದ ಪುಡಿ ಹಾಲಿನ ಡಬ್ಬಿ ಬಂತು, ಬಾಟಲಿ ಬಂತು. ಕೆರೆಯ ನೀರನ್ನೇ ಸೋಸಿ ಕುಡಿಯುವ ಊರು. ಕೆಲವೇ ದಿನಗಳಲ್ಲಿ ಕೂಸಿಗೆ ಭೇದಿ ಹತ್ತಿತು. ನನ್ನ ಎದೆ ಬಿಗಿದು ಕುಪ್ಪಸ ತೋಯುತ್ತಿತ್ತು, ಆಮೇಲೆ ಅದೂ ಕಡಿಮೆಯಾಯಿತು. ಕೂಸು ಅಳುವುದನ್ನು ನಿಲ್ಲಿಸಿದ ದಿನ ಅತ್ತೆಯೇ ಆಳನ್ನು ಅಟ್ಟಿ ಡಾಕ್ಟರಬಾಯಿಯನ್ನು ಕರೆಸಿದರು.

ಅವರು ಬಂದು ಕೂಸಿನ ಹೊಟ್ಟೆಯ ತೊಗಲನ್ನು ಚಿವುಟಿ ಬಿಟ್ಟರು. ಚಿವುಟಿದ ತೊಗಲು ಹಾಗೇ ನಿಂತಿತು, ಮೈಯಲ್ಲಿ ನೀರೇ ಉಳಿದಿರಲಿಲ್ಲ.

"ಯಾರ ಹಾಲು ಕುಡೀತೈತಿ ಇದು?"

ಅತ್ತೆ ಡಬ್ಬಿ ತೋರಿಸಿದರು. ಭಾವ ಪೇಪರಿನ ಸಂಗತಿ ಹೇಳಿದ. ಓದಿದ ಡಾಕ್ಟರು ನಕ್ಕುಬಿಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು, "ಪೇಪರದಾಗ ಬರದದ್ದು ಸುಳ್ಳಲ್ಲರಿ. ಮುಂಬೈದಾಗ ನಾನೇ ಆ ಇಲಿ ಸಾಕೇನಿ" ಎಂದರು.

"ಹಂಗಾದ್ರ ನಾವು ಮಾಡಿದ್ದು ಬರೋಬರಿ ಆತಲ್ರಿ?" ಎಂದ ಭಾವ.

"ಇಲಿ ಸಂಗತಿ ಗೊತ್ತೈತ್ರಿ. ಹೆಣ್ಣಮಕ್ಕಳ ಸಂಗತಿ ಇನ್ನೂ ಯಾರಿಗೂ ಗೊತ್ತಿಲ್ಲ. ಒಬ್ಬರು ಹಾಲಿನ್ಯಾಗ ಅಂಥಾದ್ದು ಕಂಡೇವಿ ಅಂತಾರ, ಇನ್ನೊಬ್ಬರು ಹುಡುಕಿದ್ರ ಸಿಗವಲ್ದು ಅಂತಾರ."

"ಈ ಕೂಸಿಗೆ ಮುಂದ ಆ ಬ್ಯಾನಿ ಬರೂದಿಲ್ಲ ಅಂತ ಹೇಳ್ತೀರೇನ ನೀವು?" ಎಂದು ಭಾವನೇ ಮತ್ತೆ ಕೇಳಿದ.

"ಹೇಳೂದಿಲ್ಲ."

ಡಾಕ್ಟರಬಾಯಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ತಳದ ಜಿಗುಟು ತೋರಿಸಿದರು. "ಆದ್ರ ಇದು ಹಿಂಗ ನಡದ್ರ ಈ ವಾರ ಕೂಸು ಉಳ್ಯೂದಿಲ್ಲ ಅಂತ ಹೇಳ್ತೇನಿ. ಇದನ್ನ ನಾ ಕಣ್ಣಾರೆ ಕಂಡೇನಿ. ಮುದುಕಿ ಆದಾಗ ಬಂದೀತೊ ಬರಲಿಕ್ಕಿಲ್ಲೊ ಅನ್ನೂ ಬ್ಯಾನಿಗೆ ಅಂಜಿ ಇವತ್ತು ಕೂಸಿನ ಕಳಕೋತೀರೇನ ಅವ್ವಾರ?"

ಅತ್ತೆ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟರು.

ಕುದಿಸಿದ ನೀರಿಗೆ ಸಕ್ಕರೆ, ಚೂರು ಉಪ್ಪು ಹಾಕಿ ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದೆವು. ಹಾಲು ಬತ್ತಿಹೋದಂತಿತ್ತು. "ಎಳೀಲಿ. ಎಳದಷ್ಟು ಬರತೈತಿ. ಬಾಯಿ ಬಿಡಿಸಬ್ಯಾಡ" ಎಂದು ಹೇಳಿ, ದವಾಖಾನೆಗೆ ಹೋಗುವ ಮುಂಚೆ ದಿನವೂ ಬಂದು ನೋಡುತ್ತಿದ್ದರು. ಒಂದು ಮುಂಜಾನೆ ಕೂಸಿನ ಕಟವಾಯಿಯಲ್ಲಿ ಹಾಲಿನ ಬಿಳಿ ಕಂಡು ನಾನು ಕೂಗಿದ್ದು ಬೀದಿಗೆ ಕೇಳಿಸಿತಂತೆ.

ಆ ದಿನ ಅತ್ತೆ ಡಾಕ್ಟರಬಾಯಿಗೆ ಚಹ ಕೊಟ್ಟರು. ಹೊಲದ ಆಳುಗಳಿಗಾಗಿ ಹೊರಗಿನ ಗೋಡೆಯ ಮಾಡದಲ್ಲಿ ಬೇರೆ ಇಟ್ಟಿದ್ದ, ಹಿಡಿಕೆ ಮುರಿದ ಕಪ್ಪಿನಲ್ಲಿ. ಅವರು ಕುಡಿದು, ತಾವೇ ತೊಳೆದು, ಅದೇ ಮಾಡದಲ್ಲಿ ಬೋರಲು ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಕಳಿಸಲು ಬಾಗಿಲ ತನಕ ಹೋದವಳು ಏನೋ ಹೇಳಲು ಹೊರಟೆ. ಅವರು ನನ್ನ ತೋಳು ಹಿಡಿದು, "ಹಾಲು ಈಗ ಇಳ್ಯಾಕ ಹತ್ತೈತಿ. ಸಿಟ್ಟು ಮಾಡಿಕೊಂಡು ಮತ್ತ ಕಡಿಮಿ ಮಾಡಿಕೋಬ್ಯಾಡ, ತಂಗಿ. ನನಗ ಇದು ಹೊಸಾದಲ್ಲ" ಎಂದು ಹೇಳಿ ಹೋದರು.

ಆಮೇಲೆ ಕೂಸಿಗೆ ಲಸಿಕೆ ಎಂದೋ ಕೆಮ್ಮು ಎಂದೋ ನೆವ ಮಾಡಿ ಅವರ ಕ್ವಾರ್ಟರ್ಸಿಗೆ ಹೋಗುವುದು ನನಗೆ ರೂಢಿಯಾಯಿತು. ಶೇಂಗಾ ಸುಲಿಯುತ್ತ ಮಾತಾಡುತ್ತಿದ್ದರು. ಇಲಿಗಳ ಕತೆ ನಾನು ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದೆ. ಓದು ಮುಗಿಸಿ ಮುಂಬಯಿಯ ಕ್ಯಾನ್ಸರ್ ದವಾಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದಾಗ ಸಾಕಿದ್ದು. ಬಿಳಿ ಇಲಿಗಳಂತೆ, ಕಿವಿ ಗುಲಾಬಿ ಬಣ್ಣ. ಒಂದು ಕುಲದ ಇಲಿಗಳಲ್ಲಿ ತಾಯಿಗೂ ಹೆಣ್ಣು ಮರಿಗೂ ಎದೆಯ ಗಂಟು ತಪ್ಪದು. ಮರಿ ಹುಟ್ಟಿದೊಡನೆ, ತಾಯಿ ಮೊಲೆಗೆ ಬಾಯಿ ಹಚ್ಚುವ ಮೊದಲೇ, ಎತ್ತಿ ಬೇರೆ ಕುಲದ ತಾಯಿಯ ಮಗ್ಗುಲಲ್ಲಿ ಬಿಡುವುದು ಇವರ ಕೆಲಸ. ಹಾಗೆ ಬೆಳೆದ ಮರಿಗಳಲ್ಲಿ ಬಹಳಷ್ಟು ಪಾರಾಗುತ್ತಿದ್ದವು.

"ಸಾಕು ತಾಯಿ ಸುಮ್ಮನ ಇಟಗೋತಾಳೇನ್ರಿ?" ಎಂದು ನಾನು ಕೇಳಿದೆ.

"ಎಲ್ಲಿ ಇಟಗೋತಾಳ! ಮೂಸಿ ನೋಡ್ತಾಳ. ತನ್ನದಲ್ಲ ಅಂತ ತಿಳೀತಂದ್ರ ಕಡದು ಹಾಕ್ತಾಳ. ಅದಕ್ಕ ಅಕಿ ಹಾಸಿಗಿ ಹೊಟ್ಟು ತಗೊಂಡು ಮರಿ ಮೈಗೆ ತಿಕ್ಕಿ ಬಿಡೂದು. ಅಕಿ ವಾಸನಿ ಬಂತಂದ್ರ ಮುಗೀತು, ಮಗ್ಗಲಾಗ ಹಾಕ್ಕೋತಾಳ." ಒಂದು ಶೇಂಗಾಕಾಯಿ ಒಡೆದು ಬಾಯಿಗೆ ಹಾಕಿಕೊಂಡು, "ಮನಷಾರಿಗೂ ಹಂಗ ತಿಕ್ಕಾಕ ಬರತಿತ್ತಂದ್ರ ನನಗ ಕುಂದಗೋಳದಾಗ ಬಾಡಗಿ ಮನಿ ಸಿಗತಿತ್ತು" ಎಂದು ಗಟ್ಟಿಯಾಗಿ ನಕ್ಕರು.

ಮಗಳು ಓಡಾಡಿ ಮನೆಯನ್ನೆಲ್ಲ ತಲೆಕೆಳಗು ಮಾಡುವ ವಯಸ್ಸಿಗೆ ಬಂದಾಗ, ಅತ್ತೆ ಎಡಗೈಯಿಂದ ಕೊಡ ಎತ್ತುವುದನ್ನು ಬಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ವಾತ ಎಂದರು. ಸ್ನಾನದ ನೀರು ಹಾಕಲು ಹೋದರೆ ಒಳಗೆ ಬಿಡಲಿಲ್ಲ. ಕೊನೆಗೆ ಒಂದು ದಿನ ನನ್ನ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಒಳಗೆ ಅಡಿಕೆಯಷ್ಟು ಗಂಟು.

"ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ನನ್ನ ಹೊರಗ ಹಾಕ್ತಾರ" ಎಂದರು.

ಆ ಮನೆಯ ಯಜಮಾನಿ ಹೇಳುವ ಮಾತೇ ಅದು! ನಾನು ಗಂಡನಿಗೆ ಮಾತ್ರ ಹೇಳಿ ಡಾಕ್ಟರಬಾಯಿಯನ್ನು ಕರೆತಂದೆ. ಅವರು ಮುಟ್ಟಿ ನೋಡಿ, ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು. ಅತ್ತೆ ಒಪ್ಪಲಿಲ್ಲ.

"ಕೊಯ್ಸಿಕೊಂಡು ಯಾವ ಮಾರಿ ಇಟಗೊಂಡು ತಿರಗ್ಲಿ? ಹೆಂಗಸಾಗಿ ಉಳೀತೇನಿ ಏನು ನಾ? ನಿಮಗೇನು ಗೊತ್ತಾಗತೈತಿ ಬಾಯಾರ, ಹೇಳಾಕ ಸಸಾರ."

ಡಾಕ್ಟರಬಾಯಿ ನನ್ನನ್ನು ಹೊರಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡರು. ಬಾಗಿಲು ತೆರೆದಾಗ ಅತ್ತೆ ಕಣ್ಣೊರೆಸಿಕೊಳ್ಳುತ್ತ ಬಂದು, "ಹುಬ್ಬಳ್ಳಿಗೆ ಹೋಗೂಣು. ನಿನ್ನ ಗಂಡಗ ಹೇಳು" ಎಂದರು. ಆ ಸಂಜೆ ದೀಪ ಹಚ್ಚುವಾಗ ತಾವಾಗಿಯೇ ಹೇಳಿದರು: "ಸೆರಗು ತಗದು ತೋರಿಸಿದ್ಲು. ಅಕಿಗೂ ಆಗಿತ್ತು. ಒಂದು ಕಡೆ ಅಗದಿ ಹಲಿಗಿ ಇದ್ದಂಗ ಐತಿ. ಇಷ್ಟ ವರ್ಷ ನಮ್ಮ ಮುಂದ ಹುಲಿ ಹಂಗ ತಿರಗ್ಯಾಡಿದ್ಲು, ಒಬ್ಬರಿಗರೆ ಗೊತ್ತಾತೇನ?"

ಡಾಕ್ಟರಬಾಯಿ ಸೀರೆಯನ್ನು ಎರಡೂ ಭುಜ ಮುಚ್ಚುವಂತೆ ಏಕೆ ಹೊದೆಯುತ್ತಿದ್ದರೆಂದು ಅಂದು ತಿಳಿಯಿತು. ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅತ್ತೆಯನ್ನು ಆಪರೇಶನ್ನಿಗೆ ಒಳಗೆ ಒಯ್ದ ಮೇಲೆ ನಾನೂ ಡಾಕ್ಟರಬಾಯಿಯೂ ಹೊರಗಿನ ಮರದ ಬಾಕಿನ ಮೇಲೆ ಕೂತಿದ್ದೆವು. ರಜೆ ಹಾಕಿ ನಮ್ಮೊಡನೆ ಬಂದಿದ್ದರು. ಆಗ ಕೇಳಿಯೇ ಬಿಟ್ಟೆ.

"ಬಾಯಾರ, ನಿಮಗ ಆ ಇಲಿಯಿಂದ ಬಂತೇನ್ರಿ?"

ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ನಾನೂ ಬಾಳ ಸಲ ಕೇಳಿಕೊಂಡೇನಿ. ಇಲಿ ಕಚ್ಚಿದ ಕೈ ಇದು, ಅವುಗಳ ಹಾಲು ರಕ್ತ ಎಲ್ಲಾ ಮೆತ್ತಿದ ಕೈ. ಇಲಿಯಿಂದ ಬಂತೊ, ನಮ್ಮ ವಂಶದಾಗ ಇತ್ತೊ, ಇಲ್ಲಾ ಸುಮ್ಮನ ಬಂತೊ. ಇಲಿ ವೈರಸ್ ಮನಷಾರಿಗೆ ಹತ್ತೂದಿಲ್ಲ ಅಂತ ದೊಡ್ಡ ಡಾಕ್ಟರು ಹೇಳಿದ್ರು. ಹೇಳಿದ ಮ್ಯಾಲೆ ನನ್ನ ಖುರ್ಚಿ ಸ್ವಲ್ಪ ದೂರ ಸರಿಸಿದ್ರು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದಕ್ಕಂತ ಬಿಟ್ಟು ಬರಲಿಲ್ಲ ತಂಗಿ. ಆ ದವಾಖಾನಿಗೆ ನಮ್ಮ ಕಡೆಯಿಂದ ಬರೂ ಹೆಣ್ಣಮಕ್ಕಳನ್ನ ನೋಡತಿದ್ದೆ. ಎಲ್ಲಾ ಮುಗದ ಮ್ಯಾಲೆ ಬರತಿದ್ರು. ಹುಣ್ಣಾಗಿ ಹುಳ ಬಿದ್ದ ಮ್ಯಾಲೆ. ಕಾರಣ ಹುಡುಕವ್ರು ಅಲ್ಲಿ ಬಾಳ ಮಂದಿ ಅದಾರ, ಹುಡುಕ್ಲಿ. ಹುಡುಕಬೇಕು. ಹಳ್ಳ್ಯಾಗ ಗಂಟು ಮುಟ್ಟಿ ನೋಡವ್ರು ಯಾರಿದ್ರು?" ಎಂದರು.

ಹುಣ್ಣು ಎಂದಾಗ ನನಗೆ ನಮ್ಮವ್ವ ಕಣ್ಣ ಮುಂದೆ ಬಂದಳು. ನಾನು ಅಲ್ಲೇ ಬಾಕಿನ ಮೇಲೆ ಅತ್ತುಬಿಟ್ಟೆ. ನಾನು ಅತ್ತು ಮುಗಿಸುವವರೆಗೆ ಅವರು ಮಗ್ಗುಲಲ್ಲೇ ಕೂತಿದ್ದರು.

ಅತ್ತೆ ಉಳಿದು ಊರಿಗೆ ಬಂದರು. ಆದರೆ ಅವರು ಹೆದರಿದ್ದೇ ಆಯಿತು. ಪೇಪರಿನ ವೈರಸ್ಸಿನ ಸುದ್ದಿಯನ್ನು ಭಾವ ಊರಿಗೆಲ್ಲ ಹೇಳಿಯಾಗಿತ್ತು. ಮಾತಾಡಿಸಲು ಬಂದ ಬಂಧುಗಳು ಬಾಗಿಲ ಹೊರಗೇ ನಿಂತರು, ಅತ್ತೆಯ ಕೈಯ ನೀರು ಕುಡಿಯಲಿಲ್ಲ. ಹುಳ ಹತ್ತುತ್ತದೆಯಂತೆ. ನಾವು ಎಷ್ಟು ಬೇಡವೆಂದರೂ ಅತ್ತೆ ತಾವೇ ಒಂದು ತಾಟು, ಒಂದು ತಂಬಿಗೆ ಬೇರೆ ಇಟ್ಟುಕೊಂಡು ಹಿಂದಿನ ಕೋಣೆಯಲ್ಲಿ ಒಬ್ಬರೇ ಉಣ್ಣತೊಡಗಿದರು. ಮೊಮ್ಮಗಳು ಹತ್ತಿರ ಹೋದರೆ ದೂರ ತಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಗಾಯ ನೋಡಲು ಬಂದ ಡಾಕ್ಟರಬಾಯಿ ಇದನ್ನು ಕಂಡರು. ಕೈ ತೊಳೆದು ನೇರ ಅತ್ತೆಯ ಎದುರು ಚಕ್ಕಳ ಬಕ್ಕಳ ಹಾಕಿ ಕೂತು, ಅವರ ತಾಟಿನ ರೊಟ್ಟಿಯನ್ನೇ ಮುರಿದರು.

ಅತ್ತೆ ಗಾಬರಿಯಾಗಿ ತಾಟು ಎಳೆದುಕೊಂಡರು. "ಬ್ಯಾಡ್ರಿ ಬಾಯಾರ, ಇದು ನನ್ನ ತಾಟು."

"ಯಾಕ್ರಿ ಅವ್ವಾರ? ನಾ ಮುಟ್ಟಿದ್ರ ನಡ್ಯೂದಿಲ್ಲೇನು?"

ನಾನು ಬಾಗಿಲಲ್ಲಿ ಪಲ್ಯದ ಬೋಗುಣಿ ಹಿಡಿದು ನಿಂತವಳು ಹಾಗೇ ನಿಂತೆ. ಅತ್ತೆ ತಲೆ ತಗ್ಗಿಸಿದರು. ಆಮೇಲೆ ತಾಟನ್ನು ನಡುವೆ ಸರಿಸಿ, ನನ್ನತ್ತ ನೋಡದೆ, "ಬದನಿಕಾಯಿ ಪಲ್ಯಾ ಇನ್ನಷ್ಟು ತಗೊಂಬಾ. ಬಿಸಿ ರೊಟ್ಟಿ ತಾ. ಇಬ್ಬರಿಗೂ" ಎಂದರು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಕ್ಷಮೆ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಸಂಜೆ ಅತ್ತೆ ಹೊರಗಿನ ಮಾಡವನ್ನು ಬರಿದು ಮಾಡಿದರು. ಅಲ್ಲಿದ್ದ ಕಪ್ಪುಗಳನ್ನೆಲ್ಲ ತಿಪ್ಪೆಗೆ ಎಸೆದು ಬಂದರು. ಭಾವ ಏನೋ ಅನ್ನಲು ಹೋಗಿ ತಾಯಿಯ ಮುಖ ನೋಡಿ ಹೊರಗೆ ನಡೆದ.

ಡಾಕ್ಟರಬಾಯಿಗೆ ಕಲಘಟಗಿಯ ಕಡೆ ವರ್ಗವಾದದ್ದು ಅದರ ಮರುವರ್ಷ. ಆಮೇಲೂ ನಮ್ಮ ಹೋಗಿಬರುವಿಕೆ ನಿಲ್ಲಲಿಲ್ಲ. ಅತ್ತೆ ಇನ್ನೂ ಹನ್ನೆರಡು ಹದಿಮೂರು ವರ್ಷ ಬಾಳಿ, ಬೇರೆ ಕಾಯಿಲೆಯಿಂದ ಹೋದರು. ಮಗಳು ಈಗ ಐವತ್ತರ ಹೆಂಗಸು, ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆ ಮಾಡಿಸುತ್ತಾಳೆ. ವೈರಸ್ಸಿನ ಆ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲವಂತೆ. ಅಳ್ನಾವರದಲ್ಲಿ ಕೊನೆಯ ಸಲ ಕಂಡಾಗಲೂ ಡಾಕ್ಟರಬಾಯಿ ಅದನ್ನೇ ಕೇಳಿದ್ದರು: "ಪೇಪರದಾಗ ಏನರೆ ಹೊಸಾದು ಬಂತೇನ?"

ಅವರು ಕುಂದಗೋಳದಲ್ಲಿದ್ದ ಕೊನೆಯ ಸುಗ್ಗಿಯ ಒಂದು ಮುಂಜಾನೆಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಕಣದಲ್ಲಿ ಮೆಣಸಿನಕಾಯಿಯ ಕೆಂಪು ರಾಶಿ, ಸುತ್ತ ಕೂತು ತೊಟ್ಟು ಮುರಿಯುವ ಹೆಣ್ಣಾಳುಗಳು. ಡಾಕ್ಟರಬಾಯಿ ಅವರ ನಡುವೆ ಕೂತು, ಸ್ನಾನ ಮಾಡುವಾಗ ಎದೆಯನ್ನು ಹೇಗೆ ಮುಟ್ಟಿ ನೋಡಿಕೊಳ್ಳಬೇಕು, ಗಂಟು ಕಂಡರೆ ಏಕೆ ಮುಚ್ಚಿಡಬಾರದು ಎಂದು ಹೇಳುತ್ತಿದ್ದರು. ಹರೆಯದವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ವಯಸ್ಸಾದವರು ಕೇಳಿಸದವರಂತೆ ತೊಟ್ಟು ಮುರಿಯುತ್ತಿದ್ದರು. ನಡುವೆ ನಡುವೆ ಎಲ್ಲರಿಗೂ ಘಾಟಿಗೆ ಸೀನು. ಮಾತು ಯಾರಿಗೂ ನಾಟುತ್ತಿರಲಿಲ್ಲ.

ಅತ್ತೆ ಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಆಪರೇಶನ್ನಿನ ಸುದ್ದಿಯನ್ನು ಅವರ ಎದುರು ಯಾರೂ ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬಂದು ಆಳುಗಳ ನಡುವೆ ನೆಲದ ಮೇಲೆ ಕೂತುಬಿಟ್ಟರು.

"ನಗಬ್ಯಾಡ್ರೆ. ನನಗ ಕ್ಯಾನ್ಸರ್ ಆಗಿತ್ತು. ಒಂದು ಮಲಿ ತಗದಾರ. ಬದುಕೇನಿ, ನೋಡ್ರಿ" ಎಂದರು.

ತೊಟ್ಟು ಮುರಿಯುವ ಕೈಗಳೆಲ್ಲ ನಿಂತವು. ಒಬ್ಬಳು ಮೆಲ್ಲಗೆ, "ಅದು ಯಾತಕ್ಕ ಬರತೈತ್ರಿ ಅವ್ವಾರ? ಏನ ಪಾಪಾ ಮಾಡಿದ್ರ ಬರತೈತಿ?" ಎಂದಳು.

ಅತ್ತೆ ಡಾಕ್ಟರಬಾಯಿಯ ಕಡೆ ಒಮ್ಮೆ ನೋಡಿ ತಾವೇ ಉತ್ತರ ಕೊಟ್ಟರು. "ಪಾಪದಿಂದಲ್ಲ. ಯಾತಕ್ಕ ಬರತೈತಿ ಅಂತ ಇಂಥಾ ಓದಿದವ್ರಿಗೂ ಇನ್ನೂ ಸಿಕ್ಕಿಲ್ಲ. ಬಂದ್ರ ಎಲ್ಲಿಗೆ ಹೋಗಬೇಕು ಅನ್ನೂದು ನನಗ ಗೊತ್ತೈತಿ. ಯಾರಿಗರೆ ಸಂಶೆ ಇದ್ರ ನನ್ನ ಕೂಡ ಬರ್ರಿ."

ಆಮೇಲೆ ರಾಶಿಯ ಆ ಬದಿಯಿಂದ ಒಬ್ಬ ನಡುವಯಸ್ಸಿನ ಹೆಂಗಸು ಎದ್ದು, ಮಡಿಲಿನ ತೊಟ್ಟುಗಳನ್ನು ಝಾಡಿಸಿ, ಕೈಯ ಖಾರವನ್ನು ಸೀರೆಗೆ ಒರೆಸಿಕೊಂಡಳು. ಅತ್ತೆ ಅವಳ ಕೈ ಹಿಡಿದು ದವಾಖಾನೆಯ ಹಾದಿ ಹಿಡಿದರು. ಯಾವಾಗಲೂ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುವ ಡಾಕ್ಟರಬಾಯಿ ಅಂದು ಅವರಿಬ್ಬರ ಹಿಂದೆ, ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ನಿಧಾನವಾಗಿ ನಡೆದರು.